ಆಪತ್ತಿಗೆಂದು ಇಟ್ಟ ನೀರು ದಿನಬಳಕೆಯಲ್ಲೇ ಇರಲಿ

ಹುಬ್ಬಳ್ಳಿ–ಧಾರವಾಡದ ಹಳೆಯ ಬಡಾವಣೆಗಳ ಮನೆಗಳಲ್ಲಿ ಮೂರು ಕಡೆ ನೀರು ಸಂಗ್ರಹವಿರುತ್ತದೆ. ನೆಲದಡಿಯ ಸಂಪಿನಲ್ಲಿ ನಳದ ನೀರು, ಮಾಳಿಗೆಯ ಸಿಂಟೆಕ್ಸಿನಲ್ಲಿ ದಿನಬಳಕೆಯ ನೀರು, ಹಿತ್ತಲಿನ ಇನ್ನೊಂದು ಟಾಕಿಯಲ್ಲೋ ನೀಲಿ ಬ್ಯಾರಲ್ಲಿನಲ್ಲೋ ‘ಇರಲಿ, ಬೇಕಾದೀತು’ ಎಂದು ತುಂಬಿಟ್ಟ ನೀರು. ನೀರಿನ ಗುಣಮಟ್ಟ ಪರೀಕ್ಷಿಸುವುದೇ ನನ್ನ ಕೆಲಸವಾದ್ದರಿಂದ ಈ ಮೂರನೆಯದರ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. “ಮೇಡಂ, ಈ ಟಾಕಿ ತುಂಬಿಸಿ ಎರಡ ತಿಂಗಳಾತ್ರೀ. ಒಂದ್ ಹನಿ ಮುಟ್ಟಿಲ್ಲ. ಕುಡೀಲಿಕ್ಕೆ ನಡೀತದಲ್ರೀ?”

ಮುಟ್ಟದೆ ಇಟ್ಟದ್ದು ಕೆಟ್ಟಿರಲಾರದು ಎಂಬ ನಂಬಿಕೆ ಆ ಪ್ರಶ್ನೆಯೊಳಗಿದೆ. ನನ್ನ ಅನುಭವ ಇದಕ್ಕೆ ತದ್ವಿರುದ್ಧ. ಒಂದೇ ಮನೆಯಲ್ಲಿ ದಿನವೂ ಖಾಲಿಯಾಗಿ ತುಂಬುವ ಟಾಕಿಯ ನೀರು ಪರೀಕ್ಷೆಯಲ್ಲಿ ಪಾಸಾಗಿ, ಜೋಪಾನವಾಗಿ ಮುಚ್ಚಿಟ್ಟ ಟಾಕಿಯ ನೀರು ಫೇಲಾಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ನೀರಿಗೆ ಮುಪ್ಪು ಎಂಬುದಿಲ್ಲ. ಕತ್ತಲಲ್ಲಿ, ತಂಪಾಗಿ, ಮಣ್ಣು ಹುಳು ಸೇರದಂತೆ ಮುಚ್ಚಿಟ್ಟ ಶುದ್ಧ ನೀರು ತಿಂಗಳುಗಟ್ಟಲೆ ಚೆನ್ನಾಗಿಯೇ ಇರುತ್ತದೆ. ಕಳೆದುಹೋಗುವುದು ಅದಕ್ಕಿರುವ ರಕ್ಷಣೆ. ಶುದ್ಧೀಕರಣ ಘಟಕದಿಂದ ಹೊರಡುವ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಉಳಿದಿರುವಂತೆ ನೋಡಿಕೊಳ್ಳುತ್ತಾರೆ. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಬಳಸುವ ಜಾಗದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ವೈರಾಣುಗಳ ಭಯವಿದ್ದರೆ 0.5 ಮಿಲಿಗ್ರಾಂ. ದಾರಿಯಲ್ಲೋ ಮನೆಯಲ್ಲೋ ಹೊಸದಾಗಿ ಸೇರುವ ಕ್ರಿಮಿಗಳನ್ನು ಕೊಲ್ಲುವುದು ಈ ಉಳಿಕೆ. ಅದು ಬಿಸಿಲಿಗೆ, ಶಾಖಕ್ಕೆ, ತಳದ ಕೆಸರಿಗೆ, ಗೋಡೆಯ ಲೋಳೆಗೆ ದಿನದಿನವೂ ಸವೆಯುತ್ತದೆ. ಬೇಸಿಗೆಯಲ್ಲಿ ಬಯಲಿನ ಟಾಕಿಯೊಂದರಲ್ಲಿ ಕೆಲವೇ ದಿನಗಳಲ್ಲಿ ಏನೂ ಉಳಿದಿರುವುದಿಲ್ಲ. ಆ ಬಳಿಕ ಒಂದು ಎಲೆ ಬಿದ್ದರೂ, ಒಂದು ತಂಬಿಗೆ ಅದ್ದಿದರೂ, ಹಲ್ಲಿ ಹೊಕ್ಕರೂ ನೀರು ತನ್ನನ್ನು ತಾನು ಕಾಪಾಡಿಕೊಳ್ಳಲಾರದು.

ಆದ್ದರಿಂದ ನನ್ನ ಮೊದಲ ಸಲಹೆ ಪ್ಲಂಬಿಂಗಿಗೆ ಸಂಬಂಧಿಸಿದ್ದು. ಆಪತ್ತಿನ ಟಾಕಿಯನ್ನು ಪಕ್ಕಕ್ಕಿಡಬೇಡಿ, ನೀರಿನ ದಾರಿಯ ನಡುವೆಯೇ ಕೂರಿಸಿ. ಸಂಪಿನಿಂದ ಮೇಲೇರುವ ನೀರು ಮೊದಲು ಆ ಟಾಕಿಗೆ ಬೀಳಲಿ, ಅಲ್ಲಿಂದ ದಿನಬಳಕೆಯ ಟಾಕಿಗೆ ಹರಿಯಲಿ. ಎರಡು ಸಾವಿರ ಲೀಟರ್ ಸಂಗ್ರಹ ಬೇಕೆನಿಸಿದರೆ ಸಾವಿರದ ಎರಡು ಟಾಕಿಗಳನ್ನು ಒಂದರ ಹಿಂದೊಂದು ಜೋಡಿಸಿದರಾಯಿತು. ಆಗ ಎರಡೂ ಟಾಕಿಗಳ ನೀರು ಬದಲಾಗುತ್ತಲೇ ಇರುತ್ತದೆ; ನಳ ಬರದ ದಿನವೂ ನಿಮ್ಮಲ್ಲಿರುವುದು ಹೊಸ ನೀರೇ. ಹಳೆಯ ಜೋಳದ ಚೀಲ ಮೊದಲು ಬಿಚ್ಚಿ ಹೊಸದನ್ನು ಹಿಂದಕ್ಕೆ ಸರಿಸುವ ಪದ್ಧತಿಯೇ ಇದು. ಎರಡೂ ಟಾಕಿಗಳನ್ನು ತಳದಲ್ಲಿ ಒಂದೇ ಪೈಪಿನಿಂದ ಜೋಡಿಸಿ, ಒಂದಕ್ಕೆ ಮಾತ್ರ ನೀರು ಬಿಟ್ಟು, ಅದರಿಂದಲೇ ಕೆಳಗಿಳಿಸುವುದು ನಮ್ಮಲ್ಲಿ ತುಂಬ ಕಾಣಸಿಗುವ ಜೋಡಣೆ. ಅದರಲ್ಲಿ ಎರಡನೆಯ ಟಾಕಿಯ ಮಟ್ಟ ಏರಿಳಿಯುತ್ತದೆಯೇ ಹೊರತು ಅದರ ಮೇಲ್ಭಾಗದ ನೀರು ಸರಿಯಾಗಿ ಬದಲಾಗುವುದಿಲ್ಲ. ಒಂದೇ ಟಾಕಿಯಲ್ಲೂ ಇದೇ ಸೂತ್ರ: ನೀರು ಬೀಳುವ ಪೈಪು ಒಂದು ಬದಿಗಿದ್ದರೆ ಹೊರಹೋಗುವ ಪೈಪು ಎದುರು ಬದಿಗಿರಲಿ. ಎರಡೂ ಒಂದೇ ಮಗ್ಗುಲಲ್ಲಿದ್ದರೆ ಬಂದ ನೀರು ಬಂದ ಹಾಗೇ ಹೋಗಿ, ಆಚೆ ಬದಿಯದು ನಿಂತಲ್ಲೇ ನಿಲ್ಲುತ್ತದೆ.

ಹೊಸ ಪೈಪು ಹಾಕಿಸಲು ಆಗದವರು ವಾರಕ್ಕೊಮ್ಮೆ ಆ ಟಾಕಿಯ ನೀರನ್ನು ಬಟ್ಟೆಗೆ, ಪಾತ್ರೆಗೆ, ಗಿಡಕ್ಕೆ ಬಳಸಿ, ನಳ ಬಂದಾಗ ಮತ್ತೆ ತುಂಬಿಸಿದರೂ ಸಾಕು. ಒಂದು ಹನಿಯೂ ವ್ಯರ್ಥವಾಗುವುದಿಲ್ಲ.

ಇನ್ನು ನಳದ ನೀರು. ಅವಳಿ ನಗರದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೇ 24 ಗಂಟೆಯ ನೀರು ಬಂತು, ಉಳಿದವು ದಿನಗಟ್ಟಲೆ ಕಾಯುತ್ತಿದ್ದವು. ಈ ಎರಡು ಬಗೆಯ ಪೂರೈಕೆಯನ್ನು ಇಲ್ಲಿಯೇ ಹೋಲಿಸಿ ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಲಿನತೆಯ ಸೂಚಕ ಬ್ಯಾಕ್ಟೀರಿಯಾ ಹೆಚ್ಚು, ಅದರಲ್ಲೂ ನಳ ಬಿಟ್ಟ ಆರಂಭದ ನೀರು ಹೆಚ್ಚು ಕೆಟ್ಟದ್ದು ಎಂಬುದು ಅದರಲ್ಲಿ ಕಂಡಿತು. ಕಾರಣ ಕಷ್ಟದ್ದೇನಲ್ಲ. ಪೈಪು ಖಾಲಿಯಿದ್ದಾಗ ಒಳಗೆ ಒತ್ತಡವಿಲ್ಲ. ಸೋರುವ ಜಾಯಿಂಟುಗಳಿಂದ ಸುತ್ತಲಿನ ಚರಂಡಿ ನೀರು ಒಳಗೆ ಜಿನುಗುತ್ತದೆ. ನೀರು ಬಿಟ್ಟಾಗ ಅದೆಲ್ಲ ಮೊದಲು ಹೊರಬರುತ್ತದೆ. ಹಾಗಾಗಿ ನಳ ಬಂದೊಡನೆ ಸಂಪಿನ ವಾಲ್ವ್ ತೆರೆಯಬೇಡಿ. ಮೊದಲ ಕೆಲವು ನಿಮಿಷದ ನೀರನ್ನು ಬಕೆಟ್ಟಿಗೆ ಹಿಡಿದು ಅಂಗಳಕ್ಕೋ ಪಾಯಖಾನೆಗೋ ಬಳಸಿ. ಬಣ್ಣ ತಿಳಿಯಾದ ಮೇಲೆ ಸಂಪಿಗೆ ಬಿಡಿ. ನಳಕ್ಕೆ ನೇರವಾಗಿ ಮೋಟರ್ ಹಚ್ಚುವ ಚಾಳಿಯನ್ನಂತೂ ದಯವಿಟ್ಟು ಬಿಟ್ಟುಬಿಡಿ. ಅದು ಎಳೆಯುವುದು ನೀರನ್ನಷ್ಟೇ ಅಲ್ಲ, ಬೀದಿಯ ಸೋರಿಕೆಗಳ ಸುತ್ತಲಿನ ಗಲೀಜನ್ನೂ. ಅದು ಹೋಗುವುದು ನಿಮ್ಮ ಮನೆಗಷ್ಟೇ ಅಲ್ಲ, ಓಣಿಯ ಎಲ್ಲ ಮನೆಗಳಿಗೂ.

ಸಂಪಿನ ಮುಚ್ಚಳ ನೆಲಕ್ಕೆ ಸಮನಾಗಿದ್ದರೆ ಗಾಡಿ ತೊಳೆದ ನೀರು, ಮಳೆನೀರು ಎರಡೂ ಒಳಗಿಳಿಯುತ್ತವೆ. ಬಾಯಿಯ ಸುತ್ತ ಅರ್ಧ ಅಡಿ ಎತ್ತರದ ಕಟ್ಟೆ ಕಟ್ಟಿಸುವುದು ಗೌಂಡಿಗೆ ಅರ್ಧ ದಿನದ ಕೆಲಸ.

ಬಯಲಿನ ಟಾಕಿಯ ದೊಡ್ಡ ಶತ್ರು ಬೆಳಕು. ಪಾಚಿಗೆ ಬೆಳಕಿಲ್ಲದೆ ಬದುಕಿಲ್ಲ. ನಿಮ್ಮ ಟಾಕಿ ಬೆಳಕು ಬಿಡುತ್ತದೆಯೇ ಎಂದು ತಿಳಿಯಲು ಸುಲಭದ ಉಪಾಯವಿದೆ: ಮಧ್ಯಾಹ್ನ ಬಿಸಿಲಿನಲ್ಲಿ ಮುಚ್ಚಳ ಹಾಕಿ, ಪೈಪಿನ ತೂತಿನಿಂದ ಒಳಗೆ ಇಣುಕಿ. ಗೋಡೆಗಳು ಹೊಳೆದಂತೆ ಕಂಡರೆ ಬೆಳಕು ಹಾಯುತ್ತಿದೆ ಎಂದೇ ಅರ್ಥ. ಕಪ್ಪು ಟಾಕಿಗಳು ಬೆಳಕು ತಡೆಯುತ್ತವೆ, ಆದರೆ ಬಿಸಿಯೇರುತ್ತವೆ. ಹೊರಗೆ ಬಿಳಿ, ನಡುವೆ ಕಪ್ಪು ಪದರವಿರುವ ಟಾಕಿ ಎರಡಕ್ಕೂ ಒಳ್ಳೆಯದು. ಇರುವುದನ್ನು ಬದಲಿಸುವ ಅಗತ್ಯವಿಲ್ಲ. ದಕ್ಷಿಣ ಮತ್ತು ಪಶ್ಚಿಮದ ಬಿಸಿಲಿಗೆ ತಡಿಕೆಯನ್ನೋ ಹಸಿರು ಶೇಡ್‌ನೆಟ್ಟನ್ನೋ ಕಟ್ಟಿದರೆ ಕ್ಲೋರಿನ್ನೂ ಹೆಚ್ಚು ದಿನ ಉಳಿಯುತ್ತದೆ. ಬೆಚ್ಚಗಿನ ನಿಂತ ನೀರು ಬ್ಯಾಕ್ಟೀರಿಯಾಗಳಿಗೆ ಹಿತ. ನ್ಯುಮೋನಿಯಾ ತರುವ ಲೀಜಿಯೊನೆಲ್ಲ ಬೆಳೆಯುವುದು ಸುಮಾರು 20ರಿಂದ 45 ಡಿಗ್ರಿಯ ನಡುವೆ. ನಮ್ಮ ಏಪ್ರಿಲ್ ತಿಂಗಳ ಟಾಕಿಗಳು ಇರುವುದೂ ಅಲ್ಲಿಯೇ.

ನೀಲಿ ಬ್ಯಾರಲ್ಲುಗಳ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಅನೇಕ ಬ್ಯಾರಲ್ಲುಗಳು ಕಾರ್ಖಾನೆಯಿಂದ ಬಂದ ಹಳೆಯವು. ಮೊದಲು ಅದರಲ್ಲಿ ಏನಿತ್ತೆಂದು ಮಾರುವವನಿಗೂ ತಿಳಿದಿರುವುದಿಲ್ಲ. ಪ್ಲಾಸ್ಟಿಕ್ಕಿನೊಳಗೆ ಇಳಿದ ರಾಸಾಯನಿಕ ಸೋಪಿನಿಂದ ಹೋಗುವುದಿಲ್ಲ. ಆಹಾರ ಪದಾರ್ಥ ತುಂಬಿದ್ದೆಂದು ಖಾತ್ರಿಯಿಲ್ಲದ ಬ್ಯಾರಲ್ಲು ಬಟ್ಟೆ ಒಗೆಯುವ ನೀರಿಗೆ ಇರಲಿ, ಅಡುಗೆಮನೆಗೆ ಬೇಡ. ಒಳ್ಳೆಯ ಬ್ಯಾರಲ್ಲಿಗೂ ಕೆಳಗೊಂದು ನಲ್ಲಿ ಕೂರಿಸಿ. ಕೊಡ, ತಂಬಿಗೆ ಅದ್ದಿ ನೀರು ತೆಗೆಯುವಾಗ ಕೈಯ ಕೊಳೆ ನೀರಿಗಿಳಿಯುತ್ತದೆ. ಮನೆಯೊಳಗೆ ನೀರು ಕೆಡುವ ಸಾಮಾನ್ಯ ದಾರಿ ಇದೇ.

ಈಡಿಸ್ ಸೊಳ್ಳೆಯ ವಿಷಯದಲ್ಲಿ ನಮ್ಮ ಊರಿನ ಲೆಕ್ಕ ದುರದೃಷ್ಟದ್ದು. ಡೆಂಗಿ ಹರಡುವ ಈ ಸೊಳ್ಳೆ ಇಷ್ಟಪಡುವುದು ಮನೆಯ ಸುತ್ತ ನಿಂತ ತಿಳಿನೀರನ್ನು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಸುಮಾರು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಪ್ರತಿ ತೆರೆದ ಬ್ಯಾರಲ್ಲೂ ಒಂದು ತಲೆಮಾರಿನ ಸೊಳ್ಳೆಗಳನ್ನು ಸಾಕಿಕೊಡುತ್ತದೆ. ಅದು ಮೊಟ್ಟೆ ಅಂಟಿಸುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗೋಡೆಗೆ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದೊಡನೆ ಒಡೆಯುತ್ತವೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು. ಮುಚ್ಚಳ ಭದ್ರವಾಗಿರುವ ಟಾಕಿಗಳಲ್ಲೂ ಓವರ್‌ಫ್ಲೋ ಪೈಪಿನ ಬಾಯಿ ಸಾಮಾನ್ಯವಾಗಿ ಬರಿದಾಗಿರುತ್ತದೆ. ಅದಕ್ಕೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ಲಾರ್ವಾ ನೋಡಲು ಬರುವ ಆಶಾ ಕಾರ್ಯಕರ್ತೆಯರಿಗೆ ಮಾಳಿಗೆಯ ಬಾಗಿಲು ತೆರೆದು ಟಾಕಿ ತೋರಿಸಿ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದೆ. ಅವರು ಬರುವುದು ನಿಮ್ಮ ಮಕ್ಕಳ ಸಲುವಾಗಿಯೇ.

ಇಷ್ಟು ಮಾಡಿದ ಮೇಲೂ ನಿಂತ ನೀರಿಗೆ ಕ್ಲೋರಿನ್ ಬೇಕಾಗಬಹುದು. ಸುಲಭಕ್ಕೆ ಸಿಗುವುದು ಬ್ಲೀಚಿಂಗ್ ಪೌಡರ್. ತಾಜಾ ಪುಡಿಯಲ್ಲಿ ಮೂರನೇ ಒಂದು ಭಾಗದಷ್ಟು ಕ್ಲೋರಿನ್ ಇರುತ್ತದೆ, ಬಾಯಿ ತೆರೆದಿಟ್ಟ ಪೊಟ್ಟಣದಲ್ಲಿ ಬೇಗ ಕಡಿಮೆಯಾಗುತ್ತದೆ. ಚುಚ್ಚುವ ವಾಸನೆಯಿಲ್ಲದ, ಗಂಟುಗಟ್ಟಿದ ಪುಡಿಯಿಂದ ಪ್ರಯೋಜನವಿಲ್ಲ. ತಿಳಿನೀರಿಗೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಸಾಕು. ಅಷ್ಟು ಚಿಕ್ಕ ತೂಕ ಮನೆಯಲ್ಲಿ ಆಗದ ಮಾತು. ಅದಕ್ಕೆ 25 ಗ್ರಾಂ ಪುಡಿಯನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಒಂದು ಲೀಟರ್ ನೀರಿಗೆ ಕಲಸಿ, ಸುಣ್ಣ ತಳಕ್ಕಿಳಿಯಲು ಬಿಡಿ. ಮೇಲಿನ ತಿಳಿಯಲ್ಲಿ 100 ಮಿಲಿ ಅಳೆದು ಸಾವಿರ ಲೀಟರ್ ಟಾಕಿಗೆ ಸುರಿಯಿರಿ. ಕಲಸಿದ್ದನ್ನು ಅಂದೇ ಬಳಸಬೇಕು. ಮಿಕ್ಕಿದ್ದು ಬಚ್ಚಲು ತೊಳೆಯಲು ಬರುತ್ತದೆ. ಕುಡಿಯುವ ಮುನ್ನ ಒಂದು ಗಂಟೆ ಬಿಡಿ. ಸರಿಹೋಯಿತೇ ಎಂದು ಊಹಿಸುವುದು ಬೇಡ: ಉಳಿಕೆ ಕ್ಲೋರಿನ್ ತೋರಿಸುವ ಪಟ್ಟಿಗಳು, ನೀರನ್ನು ಗುಲಾಬಿಯಾಗಿಸುವ ಡಿಪಿಡಿ ಮಾತ್ರೆಗಳು ಸಿಗುತ್ತವೆ. ಬಣ್ಣ 0.2ಕ್ಕಿಂತ ಕೆಳಗಿದ್ದರೆ ಇನ್ನಷ್ಟು ಬೇಕು ಎಂದರ್ಥ.

ಬೋರ್‌ವೆಲ್ ನೀರನ್ನು ಅದೇ ಟಾಕಿಗೆ ಬೆರೆಸುವವರು ಒಂದು ಮಾತು ಗಮನಿಸಬೇಕು. ಅದರಲ್ಲಿ ಕರಗಿದ ಕಬ್ಬಿಣವಿದ್ದರೆ ಹಾಕಿದ ಕ್ಲೋರಿನ್ನನ್ನು ಅದು ನುಂಗಿಬಿಡುತ್ತದೆ, ನೀರು ಕೆಂಪಗಾಗುತ್ತದೆ. ಆ ಕೆಂಪು ನೋಡಿ ಪುಡಿ ಕೆಟ್ಟದ್ದೆಂದು ಎಸೆದವರಿದ್ದಾರೆ. ಬೋರಿನ ನೀರಿಗೆ ಬೇರೆ ಟಾಕಿ ಇದ್ದರೆ ಒಳ್ಳೆಯದು. ಹಾಗೆಯೇ ಆರ್‌ಒ ಯಂತ್ರ ಕ್ಲೋರಿನ್ನನ್ನೂ ತೆಗೆದುಹಾಕುತ್ತದೆ. ಅದರ ನೀರನ್ನು ಆಪತ್ತಿಗೆಂದು ಕ್ಯಾನುಗಳಲ್ಲಿ ತುಂಬಿ ವಾರಗಟ್ಟಲೆ ಇಡುವುದು ಸರಿಯಲ್ಲ.

ಟಾಕಿ ತೊಳೆಯುವ ದಿನವನ್ನು ನಳ ಬರುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಿ, ಆಗ ಚೆಲ್ಲುವ ನೀರು ಕಡಿಮೆ. ಆರು ತಿಂಗಳಿಗೊಮ್ಮೆ ಸಾಕು, ಮಣ್ಣು ಹೆಚ್ಚು ಬರುವ ಕಡೆ ಮೂರು ತಿಂಗಳಿಗೆ. ತಳದ ಕೆಸರು ತೆಗೆದು, ಗೋಡೆ ಉಜ್ಜಿ, ಬ್ಲೀಚಿಂಗ್ ದ್ರಾವಣ ಬಳಿದು, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಇಲ್ಲಿ ಎರಡು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಬ್ಲೀಚಿಂಗ್ ಪುಡಿಯೊಂದಿಗೆ ಆಸಿಡ್ ಎಂದೂ ಸೇರಬಾರದು. ಹೊರಡುವ ಕ್ಲೋರಿನ್ ಅನಿಲ ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತದೆ. ಆಳದ ಸಂಪಿಗೆ ಒಬ್ಬರೇ ಇಳಿಯಬಾರದು, ಯಾರನ್ನೂ ಒಬ್ಬರನ್ನೇ ಇಳಿಸಬಾರದು. ಬಹಳ ದಿನ ಮುಚ್ಚಿದ್ದ ಸಂಪಿನಲ್ಲಿ ಆಮ್ಲಜನಕ ಸಾಲದಿರಬಹುದು. ಮುಚ್ಚಳ ತೆರೆದು ಗಂಟೆಗಳ ಕಾಲ ಗಾಳಿಯಾಡಿಸಿ, ಮೇಲಿನಿಂದ ಫ್ಯಾನ್ ಹಚ್ಚಿ, ಇಳಿದವರ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ನಿಲ್ಲಬೇಕು. ಪೆಟ್ರೋಲ್ ಪಂಪ್‌ಸೆಟ್ಟನ್ನು ಸಂಪಿನೊಳಗೆ ಇಳಿಸಲೇಬಾರದು. ಕೆಳಗೆ ಯಾರಾದರೂ ತಲೆಸುತ್ತಿ ಬಿದ್ದರೆ ಹಿಂದೆಯೇ ಜಿಗಿಯಬೇಡಿ. ಕಾಪಾಡಲು ಹೋದವರೂ ಬಲಿಯಾಗುವುದು ಹೀಗೆಯೇ.

ಸಂಶಯ ಬಂದ ನೀರನ್ನು ಒಂದು ನಿಮಿಷವಾದರೂ ಚೆನ್ನಾಗಿ ಮರಳಿಸಿ ಕುಡಿಯಬಹುದು. ಕೊಳೆತ ಮೊಟ್ಟೆಯ ವಾಸನೆಯಿದ್ದರೆ ತಳದಲ್ಲಿ ಕೆಸರು ಕೊಳೆಯುತ್ತಿದೆ. ಅಂಥ ನೀರನ್ನು ಕುದಿಸುತ್ತ ಕೂರದೆ ಟಾಕಿ ತೊಳೆಯಿರಿ. ಮನೆಯಲ್ಲೇ ಪರೀಕ್ಷಿಸಲು ಎಚ್‌2ಎಸ್ ಬಾಟಲಿಗಳಿವೆ: ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಕಲ್ಮಶ ಸೇರಿರುವ ಸಾಧ್ಯತೆ ಇದೆ. ಆಗ ಪ್ರಯೋಗಾಲಯಕ್ಕೆ ತನ್ನಿ. ಆದರೆ ಮಿನರಲ್ ವಾಟರ್ ಬಾಟಲಿಯಲ್ಲಿ ತರಬೇಡಿ. ನಾವು ಕೊಡುವ ಕ್ರಿಮಿರಹಿತ ಬಾಟಲಿಯಲ್ಲಿ ಕ್ಲೋರಿನ್ನಿನ ಕೆಲಸ ನಿಲ್ಲಿಸುವ ಸ್ವಲ್ಪ ಪುಡಿ ಇರುತ್ತದೆ, ಅದನ್ನು ತೊಳೆಯಬಾರದು. ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅಂದೇ ತಲುಪಿಸಿ. ಬ್ಯಾಕ್ಟೀರಿಯಾ ಬೆಳೆಸಿ ನೋಡಲು ನಮಗೆ ಒಂದೆರಡು ದಿನ ಬೇಕು, ಆದ್ದರಿಂದ ವಾರದ ಆರಂಭದಲ್ಲಿ, ಬೆಳಿಗ್ಗೆಯೇ ಬಂದರೆ ಅನುಕೂಲ.