ವೂ ವೇ ಅಂದರೆ ಕೈಕಟ್ಟಿ ಕೂರುವುದಲ್ಲ

‘ಬುದ್ಧ ಹೇಳಿದ ವೂ ವೇ: ಏನೂ ಮಾಡಬೇಡಿ, ಎಲ್ಲ ತಾನಾಗಿ ಆಗುತ್ತದೆ.’ ಸೂರ್ಯೋದಯದ ಚಿತ್ರದ ಮೇಲೆ ಅಂಟಿಸಿದ ಈ ಸಾಲು ವಾಟ್ಸಾಪಿನಲ್ಲಿ ಈ ವಾರವೇ ಮೂರು ಸಲ ಬಂತು. ಮಾತು ಬುದ್ಧನದಲ್ಲ, ಚೀನಾದ ಹಳೆಯ ದಾವ್ ಪಂಥದ್ದು. ಅರ್ಥವಂತೂ ಪೂರಾ ಎಡವಟ್ಟು.

‘ವೂ’ ಅಂದರೆ ಇಲ್ಲ, ‘ವೇ’ ಅಂದರೆ ಮಾಡು. ಬಿಡಿಸಿದರೆ ‘ಮಾಡದಿರುವಿಕೆ’ ಎಂದೇ ಆಗುತ್ತದೆ, ಒಪ್ಪೋಣ. ಆದರೆ ಆ ಪಂಥದ ಮೂಲಗ್ರಂಥ ದಾವ್ ದ ಜಿಂಗ್‌ನ 63ನೇ ಅಧ್ಯಾಯ ಶುರುವಾಗುವುದೇ ‘ವೇ ವೂ ವೇ’ ಎಂದು: ಮಾಡದಿರುವುದನ್ನು ಮಾಡು. ಮಾಡುವುದೇ ಬೇಡವಾಗಿದ್ದರೆ ಆ ಮೊದಲ ‘ವೇ’ಗೆ ಅಲ್ಲೇನು ಕೆಲಸ? 60ನೇ ಅಧ್ಯಾಯ ಇನ್ನೂ ಸಲೀಸು: ದೊಡ್ಡ ರಾಜ್ಯ ಆಳುವುದು ಸಣ್ಣ ಮೀನು ಬೇಯಿಸಿದ ಹಾಗೆ. ಕಾವಲಿಯ ಮೇಲೆ ಬೂತಾಯಿ ಹುರಿದವರಿಗೆ ಇದಕ್ಕೆ ಭಾಷ್ಯ ಬೇಡ. ಗಳಿಗೆಗೊಮ್ಮೆ ಸಟ್ಟುಗ ತೂರಿಸಿದರೆ ಮೀನು ಪುಡಿಪುಡಿ. ಹಾಗಂತ ಒಲೆ ಬಿಟ್ಟು ಎದ್ದು ಹೋದರೆ ಕರಕಲು. ದಾವ್ ಪಂಥದ ಇನ್ನೊಂದು ಗ್ರಂಥ ಜ್ವಾಂಗ್‌ಜಿಯಲ್ಲಿ ಬರುವ ಕಟುಕ ಡಿಂಗ್ 19 ವರ್ಷ ಒಂದೇ ಕತ್ತಿಯಲ್ಲಿ ಸಾವಿರಾರು ಎತ್ತು ಕೊಯ್ದ. ಕತ್ತಿ ಮೊಂಡಾಗಲಿಲ್ಲ, ಕೀಲಿನ ಸಂದು ನೋಡಿ ಹಾಯಿಸುತ್ತಿದ್ದ. ಗಂಟು ಬಿಗಿಯಾದ ಕಡೆ ಕೈ ನಿಧಾನ ಮಾಡುತ್ತಿದ್ದ. ಸೋಮಾರಿಗೆ ಇದು ಆಗುವ ಕೆಲಸವೇ? ‘ಗಾಳಿ ಬಂದಾಗ ತೂರಿಕೋ’ ಎಂಬ ನಮ್ಮ ಮಾತನ್ನು ಸಮಯಸಾಧಕರಿಂದ ಕಿತ್ತುಕೊಂಡು ವಾಪಸ್ ಕಣಕ್ಕೆ ಒಯ್ದರೆ, ವೂ ವೇಗೆ ಅದಕ್ಕಿಂತ ಒಳ್ಳೆಯ ಕನ್ನಡ ನನಗೆ ಗೊತ್ತಿಲ್ಲ.

ಬುದ್ಧನ ಹೆಸರು ಇದಕ್ಕೆ ಅಂಟಿಕೊಳ್ಳಲು ಒಂದು ನೆಪವೇನೋ ಇದೆ. ಕ್ರಿ.ಶ. 148ರ ಸುಮಾರಿಗೆ ಚೀನಾದ ಲುವೊಯಾಂಗಿಗೆ ಬಂದ ಆನ್ ಶಿಗಾವ್‌ನಂಥ, ಬೌದ್ಧ ಗ್ರಂಥಗಳ ಮೊದಲ ಅನುವಾದಕರು ‘ನಿರ್ವಾಣ’ಕ್ಕೆ ಚೀನೀ ಪದ ಹುಡುಕುತ್ತ, ಕೈಗೆ ಸಿಕ್ಕ ವೂ ವೇಯನ್ನೇ ಎತ್ತಿಕೊಂಡರು. ಮುಂದೆ ಅದು ‘ಅಸಂಸ್ಕೃತ’ ಎಂಬ ಪಾರಿಭಾಷಿಕಕ್ಕೆ ಕಾಯಂ ಆಯಿತು. ನಮ್ಮ ಕಿವಿಗೆ ಅಸಂಸ್ಕೃತ ಅಂದರೆ ನಡೆನುಡಿ ಗೊತ್ತಿಲ್ಲದವನು. ಬೌದ್ಧರಲ್ಲಿ ಸಂಸ್ಕೃತ ಅಂದರೆ ನಾಲ್ಕಾರು ಕಾರಣ ಕೂಡಿ ಆದದ್ದು: ಮಡಕೆ, ಮೈ, ಸಿಟ್ಟು. ಕೂಡಿ ಆದದ್ದರಿಂದಲೇ ಬಿಚ್ಚಿಹೋಗುವಂಥದ್ದು. ಹಾಗೆ ಯಾವುದರಿಂದಲೂ ಆಗದ್ದು ಅಸಂಸ್ಕೃತ. 401ರಲ್ಲಿ ಚೀನಾದ ಚಾಂಗಾನ್‌ಗೆ ಬಂದ ಭಿಕ್ಷು ಕುಮಾರಜೀವ ಅನುವಾದಿಸಿದ ವಜ್ರಚ್ಛೇದಿಕೆ ಎಂಬ ಬೌದ್ಧ ಸೂತ್ರದ ಕೊನೆಯ ಪದ್ಯದಲ್ಲಿ ಇದರ ಎದುರುಪದ ‘ಯೂ ವೇ’ ಬರುತ್ತದೆ. ಆದದ್ದೆಲ್ಲ ಕನಸು, ನೀರ್ಗುಳ್ಳೆ, ಇಬ್ಬನಿ, ಮಿಂಚು. ಅಂದರೆ ದಾವ್‌ನವರ ವೂ ವೇ ಕೆಲಸ ಮಾಡುವ ಒಂದು ರೀತಿ, ಬೌದ್ಧರ ವೂ ವೇ ಕೆಲಸವೇ ತಲುಪದ ನೆಲೆ. ಅಕ್ಷರ ಅವೇ, ಪದ ಬೇರೆ.

ದಿನದ ಸಾಧನೆಗೆ ಬಂದರೆ ಬುದ್ಧನ ಅಷ್ಟಾಂಗ ಮಾರ್ಗದ ಎಂಟು ಅಂಗಗಳಲ್ಲಿ ‘ಸಮ್ಯಕ್ ವ್ಯಾಯಾಮ’ ಅಂತಲೇ ಒಂದಿದೆ. (ದಂಡ ಬಸ್ಕಿಯ ವ್ಯಾಯಾಮ ಅಲ್ಲ, ಪ್ರಯತ್ನ.) ‘ಏನೂ ಮಾಡಬೇಡಿ’ ಎಂದವನು ಇದನ್ನೇಕೆ ಸೇರಿಸುತ್ತಿದ್ದ? ಕಾಲು ಒಡೆದು ರಕ್ತ ಸುರಿಯುವ ತನಕ ಅಡ್ಡಾಡಿ ಧ್ಯಾನ ಮಾಡಿದ ಶಿಷ್ಯ ಸೋಣನಿಗೆ ಬುದ್ಧ, ಮನೆಯಲ್ಲಿ ವೀಣೆ ನುಡಿಸಿದವನಲ್ಲವೇ ನೀನು, ತಂತಿ ತೀರಾ ಬಿಗಿದರೆ ನಾದ ಬರುತ್ತದೆಯೇ, ತೀರಾ ಸಡಿಲಿಸಿದರೆ ಬರುತ್ತದೆಯೇ ಎಂದು ಕೇಳಿದ. ಇದು ಡಿಂಗ್‌ನ ಕತ್ತಿಗೆ ಬಹಳ ಹತ್ತಿರ. ಆದರೂ ಆ ಮೀನಿನ ಮುಂದೆ ಇಬ್ಬರನ್ನೂ ಕೂರಿಸಿದರೆ ದಾವ್‌ನವನ ಕಣ್ಣು ಮೀನಿನ ಮೇಲೆ, ಅಂಚು ಯಾವಾಗ ಕಾವಲಿ ಬಿಡುತ್ತದೆ ಎಂಬ ಕಡೆ. ಬೌದ್ಧನದು ಸಟ್ಟುಗ ಹಿಡಿದು ತುರಿಸುತ್ತಿರುವ ಕೈಯ ಮೇಲೆ, ಅದರ ಹಿಂದಿನ ಆತುರದ ಮೇಲೆ.

ವೂ ವೇಗೆ ಬೌದ್ಧ ಜೋಡಿಪದ ಬೇಕೇ ಬೇಕು ಎನ್ನುವವರು ‘ಉಪೇಕ್ಷೆ’ ತರುತ್ತಾರೆ. ‘ರಸ್ತೆಗುಂಡಿ: ಅಧಿಕಾರಿಗಳ ಉಪೇಕ್ಷೆ’ ಎಂದು ಬರೆದು ಬರೆದು ಆ ಪದವನ್ನೂ ನಾವು ಕೆಡಿಸಿಟ್ಟಿದ್ದೇವೆ. ಮೈತ್ರಿ, ಕರುಣೆ, ಮುದಿತೆ (ಇನ್ನೊಬ್ಬರ ಸುಖಕ್ಕೆ ಹಿಗ್ಗುವುದು) ಇವುಗಳ ಸಾಲಿನಲ್ಲಿ ಕೂರುವ ಪದ ಅದು, ಅರ್ಥ ಸಮಚಿತ್ತ. ತಿಳಿಗೇಡಿ ಅಸಡ್ಡೆಯನ್ನು ಬೌದ್ಧ ಭಾಷ್ಯಕಾರ ಬುದ್ಧಘೋಷ ತನ್ನ ವಿಶುದ್ಧಿಮಾರ್ಗ ಗ್ರಂಥದಲ್ಲಿ ಉಪೇಕ್ಷೆಯ ‘ಹತ್ತಿರದ ವೈರಿ’ ಎಂದ. ದೂರದ ವೈರಿಗಳಾದ ಆಸೆ, ಸಿಟ್ಟು ಬಂದರೆ ಗೊತ್ತಾಗುತ್ತದೆ. ಇದು ಪಕ್ಕದಲ್ಲೇ, ಅದೇ ಮುಖ ಹೊತ್ತು ಕೂತಿರುತ್ತದೆ.