ತಲೆ ತಿರುಗುವುದಾ, ಕಣ್ಣು ಕತ್ತಲೆ ಬರುವುದಾ?

ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ದೋಸೆ ಹೊಯ್ಯುವ ಕಾರ್ಕಳದವರೊಬ್ಬರು ಮುಂಬೈ ಮಾಟುಂಗಾದ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಕೈಯಲ್ಲಿ ಹಳೆಯ ಚೀಟಿ. ಬೇರೆ ಕಡೆ ಹಿಂದಿಯಲ್ಲಿ ‘ಚಕ್ಕರ್ ಆತಾ ಹೈ’ ಅಂದಿದ್ದರಂತೆ. ಚೀಟಿಯಲ್ಲಿ ‘ವರ್ಟಿಗೊ’, ಅಂದರೆ ತಲೆ ತಿರುಗುವಿಕೆ, ಎಂದು ಬರೆದು ಮಾತ್ರೆ ಕೊಟ್ಟಿದ್ದರು. ಎರಡು ವಾರವಾದರೂ ಗುಣ ಕಂಡಿರಲಿಲ್ಲ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಕನ್ನಡದಲ್ಲೇ ಹೇಳಿ ಅಂದೆ.

“ತಿರುಗುವುದಲ್ಲ ಡಾಕ್ಟ್ರೇ, ಎದ್ದ ಕೂಡಲೇ ಕಣ್ಣು ಕತ್ತಲೆ ಬರ್ತದೆ.”

ಎರಡೂ ಬೇರೆ ಬೇರೆ. ಸುತ್ತಲಿನ ಗೋಡೆಯೇ ತಿರುಗಿದಂತೆ ಅನಿಸಿದರೆ ಹೆಚ್ಚಾಗಿ ಒಳಕಿವಿಯ ಕಡೆ ನೋಡುತ್ತೇವೆ. ಎದ್ದಾಗ ಕಣ್ಣು ಕತ್ತಲೆ ಬಂದರೆ ಬಿಪಿ ಇಳಿಯುತ್ತಿದೆಯಾ, ರಕ್ತ ಕಡಿಮೆಯಾಗಿದೆಯಾ ಎಂದು ಹುಡುಕಬೇಕು.

ಮಾತಿನ ನಡುವೆ ಮೊಣಕಾಲು ನೋವಿನ ಸುದ್ದಿ ಮೂರು ಸಲ ಬಂತು. ಕಾವಲಿ ಮುಂದೆ ದಿನವಿಡೀ ನಿಲ್ಲುವವರು, ಕಾಲು ನೋಯದೆ ಇರುತ್ತಾ? ಮೊದಲೆರಡು ಸಲ ನಾನೂ ಬಿಟ್ಟುಬಿಟ್ಟೆ. ಆದರೆ ಕತೆ ಓದುವ ರೂಢಿ ಇದ್ದವರಿಗೆ ಗೊತ್ತು, ಒಂದು ಮಾತು ಮತ್ತೆ ಮತ್ತೆ ಬಂದರೆ ಸುಮ್ನೆ ಬಂದಿರುವುದಿಲ್ಲ. ಮೂರನೇ ಸಲ ಕೇಳಿದೆ, ನೋವಿಗೆ ಏನು ತಗೊಳ್ತೀರಿ ಅಂತ. ಮೆಡಿಕಲ್‌ನಿಂದ ತಂದ ಮಾತ್ರೆ, ದಿನಕ್ಕೆ ಎರಡು. ಬೆಳಗಿನದು ಬರೀ ಹೊಟ್ಟೆಗೆ, ಚಹಾದ ಜೊತೆ. ಮಲ ಡಾಂಬರಿನಂತೆ ಕಪ್ಪಾಗಿತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಇಂಥ ನೋವಿನ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕಾಯುವ ವಸ್ತುವನ್ನೂ ತಡೆದುಬಿಡುತ್ತವೆ. ಹುಣ್ಣಾಗಿ, ಹೊಟ್ಟೆನೋವೇ ಇಲ್ಲದೆ ರಕ್ತ ಸೋರಬಹುದು. ಆ ರಕ್ತದಿಂದಲೇ ಮಲ ಕಪ್ಪಾಗುವುದು. ಅವರ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು.

ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿಗೇ ವೈದ್ಯರು ಬಾಯಿ ಹಾಕುತ್ತಾರೆ ಎಂದು 1984ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತ್ತು. 18 ಸೆಕೆಂಡಿನಲ್ಲಿ ಮೊಣಕಾಲಿನ ಮಾತು ಒಂದು ಸಲವೂ ಬರುತ್ತಿರಲಿಲ್ಲ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರೀಟಾ ಶರೋನ್ ಎಂಬ ವೈದ್ಯೆ ವೈದ್ಯವಿದ್ಯಾರ್ಥಿಗಳಿಗೆ ಕತೆ, ಕವಿತೆ ಓದಿಸುತ್ತ ಬಂದದ್ದು ರೋಗಿಯ ಮಾತನ್ನು ಗಮನವಿಟ್ಟು ಕೇಳುವುದು ಬರಲಿ ಎಂದೇ. ಸಾಹಿತ್ಯದಲ್ಲೂ ಡಾಕ್ಟರೇಟ್ ಪಡೆದವರು ಅವರು. ನಮ್ಮಲ್ಲೂ ಅನುಪಮಾ ನಿರಂಜನ ವೈದ್ಯೆಯೂ ಹೌದು, ಕಾದಂಬರಿಕಾರ್ತಿಯೂ ಹೌದು. ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳಲಾರದ ತೊಂದರೆಗಳನ್ನು ಮನೆಮಾತಿನ ಕನ್ನಡದಲ್ಲೇ ಬರೆದರು.

ಒಪಿಡಿಯಲ್ಲಿ ಸಾಲು ಜಾಸ್ತಿ, ಸಮಯ ಕಡಿಮೆ. ನಿಜ. ಆದರೆ ಎರಡು ನಿಮಿಷ ಸುಮ್ಮನೆ ಕೇಳಿಸಿಕೊಂಡರೆ ಎರಡು ವಾರ ಬೇಡದ ಮಾತ್ರೆ ನುಂಗುವುದು ತಪ್ಪುತ್ತದೆ. ಈಗ ನಾನು ಕೇಸ್ ಪೇಪರಿನ ಮೊದಲ ಸಾಲನ್ನು ರೋಗಿಯ ಮಾತಿನಲ್ಲೇ ಬರೆಯುತ್ತೇನೆ. ಇಂಗ್ಲಿಷ್ ಆಮೇಲೆ.

ಅವರಿಗೆ ಎಂಡೋಸ್ಕೋಪಿ ಮಾಡಿದ ಮರಾಠಿ ವೈದ್ಯರು ಫೋನ್ ಮಾಡಿದ್ದರು. ಹುಣ್ಣು ಸಿಕ್ಕಿದೆ ಎಂದರು. ಪೇಪರಿನಲ್ಲಿದ್ದ ಕನ್ನಡ ಸಾಲು ಏನೆಂದು ಕೇಳಿದರು. ಅರ್ಥ ಬಿಡಿಸಿ ಹೇಳಿದೆ.

“ಅರೆ, ನಮ್ಮಜ್ಜಿ ಹೀಗೇ ಹೇಳ್ತಿದ್ದರು,” ಎಂದರು ಅವರು. “ಡೋಳ್ಯಾಂಪುಢೇ ಅಂಧಾರೀ ಯೇತೇ.”