ಮುಖಪುಟಕ್ಕೆ ಕಾವ್ಯನಾಮ, ಕರಾರಿಗೆ ಸ್ವಂತ ಹೆಸರು

ನಾಪೋಕ್ಲು ಕಡೆಯ ಲೇಖಕಿಯೊಬ್ಬರು ಮಳೆಗಾಲದ ಒಂದು ಮಧ್ಯಾಹ್ನ ಕಾನೂನು ಸಲಹೆ ಕೇಳಿ ಮಡಿಕೇರಿಯ ನನ್ನ ಕಚೇರಿಗೆ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಕಥಾಸಂಕಲನ, ಎರಡು ಪುಟದ ಅಗ್ರಿಮೆಂಟ್, ಬ್ಯಾಂಕ್ ಪಾಸ್‌ಬುಕ್. ಪುಸ್ತಕ ಎರಡನೇ ಮುದ್ರಣ ಕಂಡಿತ್ತು, ರಾಯಧನ (ರಾಯಲ್ಟಿ) ಮಾತ್ರ ಬಂದಿರಲಿಲ್ಲ. ಕೇಳಿದಾಗ ಪ್ರಕಾಶಕರು, "ಅಗ್ರಿಮೆಂಟಿನಲ್ಲಿರುವ ಹೆಸರಿಗೂ ನಿಮ್ಮ ಖಾತೆಗೂ ತಾಳೆಯಾಗುತ್ತಿಲ್ಲ, ಅದು ನೀವೇ ಎಂಬುದಕ್ಕೆ ದಾಖಲೆ ಕೊಡಿ" ಎಂದಿದ್ದರಂತೆ.

ಕಾಗದ ಬಿಡಿಸಿ ನೋಡಿದೆ. ಪಾಸ್‌ಬುಕ್ಕಿನಲ್ಲಿ ತವರಿನ ಮನೆತನದ ಹೆಸರು. ಆಧಾರ್ ಮತ್ತು ಪ್ಯಾನ್‌ನಲ್ಲಿ ಗಂಡನ ಮನೆತನದ ಹೆಸರು. ಅಗ್ರಿಮೆಂಟಿನ ಕೊನೆಯಲ್ಲಿ, ಸಹಿಯ ಜಾಗದಲ್ಲಿ ಬರೀ ಕಾವ್ಯನಾಮ. "ಪುಸ್ತಕದ ಮೇಲಿರೋ ಹೆಸರಲ್ಲೇ ಸಹಿ ಹಾಕ್ಬೇಕು ಅಂದ್ಕೊಂಡೆ ಸಾರ್" ಎಂದರು. ಹಾಗೆ ಅಂದುಕೊಳ್ಳುವವರೇ ಹೆಚ್ಚು. ಅವರಿಗೆ ಬೇರೆ ರೀತಿ ಹೇಳಬೇಕಾಗಿದ್ದವರು ಪ್ರಕಾಶಕರು, ಹೇಳಿರಲಿಲ್ಲ.

ಕೊಡಗಿನಲ್ಲಿ ಬರೆಯುವವರು ಕಾವ್ಯನಾಮ ಯಾಕೆ ಬಯಸುತ್ತಾರೆ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಕೊಡವರಲ್ಲಿ ಹೆಸರಿಗಿಂತ ಮೊದಲು ಮನೆತನದ ಹೆಸರು ಬರುತ್ತದೆ. ಅದನ್ನು ಓದಿದವರಿಗೆ ಊರು ಯಾವುದು, ಐನ್‌ಮನೆ (ಮನೆತನದ ಮೂಲಮನೆ) ಎಲ್ಲಿ, ಯಾರ ಮಗಳು, ಯಾರ ಸೊಸೆ ಎಲ್ಲವೂ ತಿಳಿದುಹೋಗುತ್ತದೆ. ಅರೆಭಾಷೆ ಗೌಡರ ಮನೆತನಗಳದ್ದೂ ಹೀಗೆಯೇ. ಆಸ್ತಿ ಪಾಲಿನ ಜಗಳದ ಬಗ್ಗೆ ಒಂದು ಕಥೆ ಬರೆದರೆ, ಅದು ಯಾರ ಮನೆಯ ಕಥೆ ಎಂದು ಮುಂದಿನ ಮದುವೆ ಮನೆಯಲ್ಲಿ ಚರ್ಚೆಯಾಗುತ್ತದೆ. 1939ರಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮ ತಮ್ಮ ಕಥೆಗಳಿಗೆ 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂದು ಸಹಿ ಹಾಕುತ್ತಿದ್ದರು. ಕಾದಂಬರಿಕಾರ ಎಸ್.ಆರ್. ನಾರಾಯಣರಾವ್ ಅವರನ್ನು ಓದುಗರು ಇಂದಿಗೂ ಭಾರತೀಸುತ ಎಂದೇ ಗುರುತಿಸುತ್ತಾರೆ. ಬೇರೆ ಹೆಸರಿನಲ್ಲಿ ಬರೆಯುವುದು ಇಲ್ಲಿ ಹೊಸದಲ್ಲ, ತಪ್ಪಂತೂ ಅಲ್ಲವೇ ಅಲ್ಲ. ತೊಡಕು ಹುಟ್ಟುವುದು ಆ ಹೆಸರು ಮುಖಪುಟದಿಂದ ಕರಾರು ಪತ್ರಕ್ಕೆ ಇಳಿದಾಗ.

ಕಾವ್ಯನಾಮದಲ್ಲಿ ಸಹಿ ಮಾಡಿದ ಮಾತ್ರಕ್ಕೆ ಕರಾರು ಬಿದ್ದುಹೋಗುವುದಿಲ್ಲ. ಆದರೆ ತಕರಾರು ಬಂದ ದಿನ ಆ ಸಹಿ ನನ್ನದೇ ಎಂದು ತೋರಿಸುವ ಹೊರೆ ಲೇಖಕರ ಹೆಗಲಿಗೆ ಬೀಳುತ್ತದೆ. ಆದ್ದರಿಂದ ನಾನು ಬರೆಸುವ ಮೊದಲ ಸಾಲು ಹೀಗಿರುತ್ತದೆ: 'ಇಂಥವರ ಮಗಳು, ಇಂಥ ಊರಿನ ನಿವಾಸಿ, ಇಂಥ ಹೆಸರಿನವಳಾದ, ಉರುಫ್ ಇಂಥ ಕಾವ್ಯನಾಮದಿಂದ ಬರೆಯುವ ನಾನು.' ಜಮೀನು ಪತ್ರಗಳಲ್ಲಿ ನಮ್ಮ ಅಜ್ಜಂದಿರ ಕಾಲದಿಂದ ಇರುವ 'ಉರುಫ್' ಎಂಬ ಆ ಪದ ಇಲ್ಲಿಯೂ ಅಷ್ಟೇ ಕೆಲಸಕ್ಕೆ ಬರುತ್ತದೆ. ಸಹಿ ಪ್ಯಾನ್ ಕಾರ್ಡಿನಲ್ಲಿರುವ ಹೆಸರಿನಲ್ಲಿ. ಅದರ ಕೆಳಗೆ ಇನ್ನೆರಡು ಮಾತು: ಪುಸ್ತಕ, ಜಾಹೀರಾತು, ಕ್ಯಾಟಲಾಗ್ ಎಲ್ಲದರಲ್ಲೂ ಕಾವ್ಯನಾಮವನ್ನು ಮಾತ್ರ ಬಳಸತಕ್ಕದ್ದು, ಲೇಖಕರ ಲಿಖಿತ ಒಪ್ಪಿಗೆಯಿಲ್ಲದೆ ನಿಜನಾಮವನ್ನು ಯಾರಿಗೂ ತಿಳಿಸತಕ್ಕದ್ದಲ್ಲ. ಜೊತೆಗೆ ಆ ಕಾವ್ಯನಾಮ ಲೇಖಕರದೇ, ಪ್ರಕಾಶನದ್ದಲ್ಲ ಎಂಬುದನ್ನೂ ಸೇರಿಸಿ. ಅದೇ ಹೆಸರಿನಲ್ಲಿ ಬೇರೆಯವರಿಂದ ಬರೆಸಿದರೆ ಆಗ ಹೋರಾಡಲು ಈ ಸಾಲು ಬೇಕಾಗುತ್ತದೆ.

ರಾಯಧನ ನಿಗದಿತ ಮಿತಿ ದಾಟಿದರೆ ಶೇ 10ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ, ಪ್ಯಾನ್ ಕೊಡದಿದ್ದರೆ ಶೇ 20. ಕಾವ್ಯನಾಮಕ್ಕೆ ಪ್ಯಾನ್ ಇಲ್ಲ, ಬ್ಯಾಂಕ್ ಖಾತೆಯೂ ಇಲ್ಲ. ಹಾಗಾಗಿ ಪ್ರಕಾಶಕರ ಲೆಕ್ಕ ಬರೆಯುವವರಿಗಾದರೂ ನಿಮ್ಮ ನಿಜ ಹೆಸರು ತಿಳಿಯಲೇಬೇಕು.

ಪ್ರಕಾಶಕರಿಗೂ ತಿಳಿಯಬಾರದು ಎನ್ನುವವರು ಇದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ ಇರಬೇಕು, ಅದಕ್ಕೆ ಹಕ್ಕುದಾರರಾಗಲಿ ಅವರು ಅಧಿಕಾರ ಕೊಟ್ಟ ಪ್ರತಿನಿಧಿಯಾಗಲಿ ಸಹಿ ಹಾಕಬಹುದು. ಪ್ರತಿನಿಧಿಯ ಮೂಲಕ ಹೋಗುವ ದಾರಿ ಹೀಗೆ ತೆರೆದಿದೆ. ಆದರೆ ಕಾಯ್ದೆಯ 54ನೇ ಸೆಕ್ಷನ್ ಓದಿಸದೆ ನಾನು ಯಾರನ್ನೂ ಆ ದಾರಿಗೆ ಕಳಿಸುವುದಿಲ್ಲ. ಲೇಖಕರು ಯಾರೆಂದು ಬಹಿರಂಗವಾಗದ ಕೃತಿಯನ್ನು ಯಾರಾದರೂ ಕದ್ದು ಮುದ್ರಿಸಿದರೆ, ದಾವೆ ಹೂಡುವ ಮಟ್ಟಿಗೆ ಪ್ರಕಾಶಕರನ್ನೇ ಹಕ್ಕುದಾರರೆಂದು ಕಾನೂನು ಎಣಿಸುತ್ತದೆ. ಒಳ್ಳೆಯ ಪ್ರಕಾಶಕರಿದ್ದರೆ ಇದೊಂದು ರಕ್ಷಣೆ. ಅವರು ಅಂಗಡಿ ಮುಚ್ಚಿದರೆ, ಅಥವಾ ಜಗಳವೇ ಅವರ ಜೊತೆಗಾದರೆ? ಆಗ ಮುಸುಕು ತೆಗೆದು ಕೋರ್ಟಿನ ಮುಂದೆ ನಿಲ್ಲದೆ ಗತ್ಯಂತರವಿಲ್ಲ.

ಅವಧಿಯ ಲೆಕ್ಕವೂ ಬದಲಾಗುತ್ತದೆ. ಹೆಸರು ತಿಳಿದ ಲೇಖಕರ ಹಕ್ಕು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಭಾರತೀಸುತರು ತೀರಿಕೊಂಡದ್ದು 1976ರಲ್ಲಿ, ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು 2036ರ ಕೊನೆಯವರೆಗೆ ಇರುತ್ತದೆ. ಯಾರೆಂದು ತಿಳಿಯದ ಕಾವ್ಯನಾಮದ ಕೃತಿಗೆ ಮೊದಲ ಪ್ರಕಟಣೆಯ ಮುಂದಿನ ವರ್ಷದಿಂದಲೇ 60 ವರ್ಷ ಎಣಿಕೆ. ಮೂವತ್ತರ ಪ್ರಾಯದಲ್ಲಿ 2025ರಲ್ಲಿ ಪುಸ್ತಕ ತಂದು ಎಂಬತ್ತರವರೆಗೆ ಬಾಳಿದರೆ, ಗುಟ್ಟು ಉಳಿದರೆ ಹಕ್ಕು 2085ಕ್ಕೆ ಮುಗಿಯುತ್ತದೆ, ಹೆಸರು ಹೊರಬಂದಿದ್ದರೆ 2135ರವರೆಗೆ. ಮೊಮ್ಮಕ್ಕಳಿಗೆ 50 ವರ್ಷದ ನಷ್ಟ. ಆ ಅವಧಿ ಮುಗಿಯುವುದರೊಳಗೆ ಗುರುತು ಬಹಿರಂಗವಾದರೆ ಮಾತ್ರ ದೀರ್ಘ ಅವಧಿ ಸಿಗುತ್ತದೆ.

ಕೃತಿಯನ್ನು ನೋಂದಾಯಿಸಬೇಕೇ ಎಂದು ಹಲವರು ಕೇಳುತ್ತಾರೆ. ಕಡ್ಡಾಯವಿಲ್ಲ, ಹಕ್ಕು ಬರೆದಾಗಲೇ ಹುಟ್ಟುತ್ತದೆ. ನೋಂದಣಿ ಪುಸ್ತಕವನ್ನು ಯಾರು ಬೇಕಾದರೂ ಪರಿಶೀಲಿಸಬಹುದು ಎಂಬುದು ಗುಟ್ಟು ಕಾಯುವವರಿಗೆ ನೆನಪಿರಲಿ. ನನ್ನ ಮಟ್ಟಿಗೆ ಅದಕ್ಕಿಂತ ಬೆಲೆಯುಳ್ಳ ಸಾಕ್ಷಿ ಕೈಬರಹದ ಕರಡು, ಕರಡಚ್ಚಿನ ತಿದ್ದುಪಡಿ, ಪ್ರಕಾಶಕರೊಂದಿಗೆ ನಡೆದ ಇ-ಮೇಲ್. ಅವನ್ನು ರದ್ದಿಗೆ ಹಾಕಬೇಡಿ.

ಕಾವ್ಯನಾಮದ ಹಿಂದೆ ನಿಂತರೆ ಮಾನನಷ್ಟದ ದಾವೆ ತಟ್ಟುವುದಿಲ್ಲ ಎಂಬ ನಂಬಿಕೆ ಇದೆ. ಅದು ಹುಸಿ. ಕೋರ್ಟ್ ಕೇಳಿದರೆ ಪ್ರಕಾಶಕರು ಹೆಸರು ಕೊಡಬೇಕಾಗುತ್ತದೆ, ನಷ್ಟವನ್ನು ಲೇಖಕರೇ ತುಂಬಿಕೊಡಬೇಕೆಂಬ ಷರತ್ತು ಹಲವು ಅಗ್ರಿಮೆಂಟುಗಳಲ್ಲಿ ಇರುತ್ತದೆ. ಅದನ್ನು ಓದದೆ ಸಹಿ ಹಾಕಬೇಡಿ.

ನಾಪೋಕ್ಲಿನ ಲೇಖಕಿಗೆ ಮೊದಲು ಅಫಿಡವಿಟ್ ಮಾಡಿಸಿದೆವು: ತವರಿನ ಹೆಸರು, ಗಂಡನ ಮನೆಯ ಹೆಸರು, ಕಾವ್ಯನಾಮ ಮೂರೂ ಒಬ್ಬಳೇ ವ್ಯಕ್ತಿಯದು ಎಂದು, ನೋಟರಿ ಮುಂದೆ. ಆಮೇಲೆ ಪ್ರಕಾಶಕರೊಂದಿಗೆ ಪೂರಕ ಕರಾರು. ಹಳೆಯ ಅಗ್ರಿಮೆಂಟಿನಲ್ಲಿ ಹಕ್ಕು ಎಷ್ಟು ವರ್ಷಕ್ಕೆ ಎಂದು ನಮೂದಿಸಿರಲೇ ಇಲ್ಲ. ಹಾಗೆ ಬಿಟ್ಟರೆ 5 ವರ್ಷ ಎಂದೇ ಕಾನೂನು ಎಣಿಸುತ್ತದೆ, ಪ್ರದೇಶ ಹೇಳದಿದ್ದರೆ ಭಾರತಕ್ಕಷ್ಟೇ. ನಾಲ್ಕು ವರ್ಷ ಆಗಲೇ ಕಳೆದಿತ್ತು, ಇನ್ನೊಂದು ವರ್ಷಕ್ಕೆ ಹಕ್ಕು ಲೇಖಕಿಗೇ ಮರಳುವುದರಿಂದ ಮುಂದಿನ ಷರತ್ತುಗಳನ್ನು ಅವರು ತಲೆಯೆತ್ತಿ ಮಾತಾಡಿದರು. ಬಾಕಿ ರಾಯಧನ ಖಾತೆಗೆ ಬಂತು. ಮುಖಪುಟದ ಮೇಲೆ ಕಾವ್ಯನಾಮ ಹಾಗೆಯೇ ಉಳಿಯಿತು.

ಹೋಗುವ ಮೊದಲು ವಿಲ್ ಬರೆದಿದ್ದೀರಾ ಎಂದು ಕೇಳಿದೆ. ತೋಟ, ಕೋವಿ, ಒಡವೆ ಎಲ್ಲ ಬರೆದಾಗಿದೆ ಎಂದರು. ಪುಸ್ತಕದ ಹಕ್ಕು ಅದರಲ್ಲಿ ಇರಲಿಲ್ಲ. ಬರೆಯುವ ವಿಷಯ ಮಗಳಿಗೂ ಗೊತ್ತಿರಲಿಲ್ಲವಂತೆ. ಮುಂದಿನ ವಾರ ಮಗಳನ್ನು ಕರೆದುಕೊಂಡೇ ಬಂದರು.